ಚಾವಣಿ ಹತ್ತಿದ ಮುಖ್ಯಸ್ಥ

ನಮ್ಮ ಭೂವಿಜ್ಞಾನ ವಿಭಾಗದಲ್ಲಿ ಮುಖ್ಯಸ್ಥರಾಗಬೇಕೆಂದು ಯಾರೂ ಆಸೆಪಡುವುದಿಲ್ಲ. ಸರದಿ ಬರುತ್ತದೆ, ಆಗುತ್ತಾರೆ. ಮೂರು ವರ್ಷ ಕಳೆದ ಮೇಲೆ ತಮ್ಮ ತಮ್ಮ ಕಲ್ಲು, ಮಣ್ಣುಗಳ ಹತ್ತಿರ ವಾಪಸಾಗಿ, ಮುಂದಿನವರನ್ನು ಕಂಡಾಗ ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಾರೆ. ಹೋದ ವರ್ಷ ಬೇಸಿಗೆ ರಜೆ ಮುಗಿದಾಗ ಸರದಿ ಆರ್ವಿಡ್‌ನದಾಗಿತ್ತು. ಒಲ್ಲೆ ಎನ್ನಬಹುದಿತ್ತು. ಆದರೆ ಆರ್ವಿಡ್ ಯಾವುದಕ್ಕಾದರೂ ಒಲ್ಲೆ ಎಂದದ್ದನ್ನು ಈ ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಅವನು ಸರೋವರದ ತಳದ ಕೆಸರನ್ನು ಓದುವವನು. ಕೊಳವೆ ಇಳಿಸಿ ಕೆಸರೆತ್ತಿ, ಪದರ ಪದರ ನೋಡಿ, ಈ ವರ್ಷ ಕಾಡು ಸುಟ್ಟಿತ್ತು, ಈ ವರ್ಷ ಹೊಳೆ ಉಕ್ಕಿತ್ತು ಎನ್ನುತ್ತಾನೆ. ಮನುಷ್ಯರ ಬಗ್ಗೆ ಅಷ್ಟೊಂದು ಹೇಳುವುದಿಲ್ಲ. ಚಳಿಗಾಲದ ಭಾನುವಾರಗಳಲ್ಲಿ ನಾವಿಬ್ಬರೂ ಸ್ಕೀ ಕಟ್ಟಿಕೊಂಡು ಕಾಡಿಗೆ ಹೋಗುತ್ತೇವೆ. ದಾರಿಯುದ್ದಕ್ಕೂ ಯಾರನ್ನಾದರೂ ಬೈಯುವವಳು ನಾನು, ಹೂಂ ಎನ್ನುವವನು ಅವನು. ಇದಕ್ಕಿಂತ ಒಳ್ಳೆಯ ಸ್ನೇಹ ನನಗೆ ಗೊತ್ತಿಲ್ಲ.

ಮುಖ್ಯಸ್ಥರಾದವರು ಡೀನ್ ಮುಂದೆ ಕೂತು ಒಂದು ಕಾಗದಕ್ಕೆ ಸಹಿ ಹಾಕಬೇಕು. ವಿಭಾಗದಲ್ಲಿ ಕೆಲಸ ಮಾಡುವವರ ಮೈ, ಮನಸ್ಸು ಎರಡರ ಸುರಕ್ಷತೆಯೂ ನನ್ನ ಹೊಣೆ ಎಂದು ಅದರಲ್ಲಿ ಬರೆದಿದೆ. ನಾಳೆ ಯಾರಿಗಾದರೂ ಪೆಟ್ಟಾಗಿ ವಿಷಯ ಕೋರ್ಟಿಗೆ ಹೋದರೆ ಅಲ್ಲಿ ಕೂಗುವುದು ಸಹಿ ಹಾಕಿದವರ ಹೆಸರನ್ನು. ಹಿಂದಿನವರೆಲ್ಲ ಒಂದು ಕೈಯಲ್ಲಿ ಕಾಫಿ ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಹಾಕಿದ್ದರು. ಆರ್ವಿಡ್ ಅದನ್ನು ಮನೆಗೆ ಕೊಂಡುಹೋಗಿ ಓದಿದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಹೊಸ ಮುಖ್ಯಸ್ಥರಿಗೆ ಒಂದು ದಿನದ ತರಬೇತಿಯೂ ಇರುತ್ತದೆ. ಒಬ್ಬ ವಕೀಲೆ ಬಂದು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು: ಮುರಿದ ಏಣಿ, ಆಸಿಡ್ ಚೆಲ್ಲಿದ ನೆಲ, ಕೋರ್ಟಿನ ಮೆಟ್ಟಿಲಿಳಿಯುತ್ತಿರುವ ಒಬ್ಬ ನಡುವಯಸ್ಸಿನ ಮನುಷ್ಯ. ವಿಭಾಗದ ಸುರಕ್ಷತಾ ಪ್ರತಿನಿಧಿಯಾಗಿ ನಾನೂ ಅಲ್ಲಿದ್ದೆ. ವಿರಾಮದಲ್ಲಿ ಮಿಕ್ಕ ಮುಖ್ಯಸ್ಥರೆಲ್ಲ ಏಲಕ್ಕಿ ಬನ್ ತಿಂದು, ಈ ಸಲದ್ದು ಸ್ವಲ್ಪ ಒಣಗಿದೆ ಎಂದು ಮಾತಾಡಿಕೊಂಡರು. ಆರ್ವಿಡ್ ಬನ್ ಮುಟ್ಟಲಿಲ್ಲ. ಮೆಟ್ಟಿಲಿಳಿಯುತ್ತಿದ್ದ ಆ ಮನುಷ್ಯನಿಗೆ ಆಮೇಲೆ ಏನಾಯಿತು ಎಂದು ಹೋಗಿ ವಕೀಲೆಯನ್ನು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ.

ಆಮೇಲೆ ಶುರುವಾಯಿತು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪ್ರಯೋಗಾಲಯದ ನಲ್ಲಿಗಳನ್ನು ತಿರುಗಿಸಿ ನೋಡುತ್ತಿದ್ದ. ನೆಲದ ಮೇಲಿನ ವೈರುಗಳನ್ನು ಮಂಡಿಯೂರಿ ಅಂಟಿಸುತ್ತಿದ್ದ. ಕಾನೂನಿನಲ್ಲಿ ಮನಸ್ಸಿನ ಸುರಕ್ಷತೆಯೂ ಇದೆಯಲ್ಲ, ಅದಕ್ಕೆ ಒಬ್ಬೊಬ್ಬರ ಬಾಗಿಲೂ ತಟ್ಟಿ, "ಚೆನ್ನಾಗಿದ್ದೀಯಾ?" ಎಂದು ಕೇಳುತ್ತಿದ್ದ. ನಮ್ಮೂರಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಎರಡನೇ ಸಲ ಕೇಳಿದರೆ, ನನ್ನಲ್ಲೇ ಏನೋ ಎಡವಟ್ಟಾಗಿದೆ ಎಂದು ಜನ ಹೆದರುತ್ತಾರೆ. ಹಿಮನದಿಗಳ ಮೇಲೆ ಕೆಲಸ ಮಾಡುವ ಒಬ್ಬ ಗಟ್ಟಿಮುಟ್ಟಾದ ಆಸಾಮಿ, ಮೂರನೇ ಸಲ ಕೇಳಿಸಿಕೊಂಡ ಮೇಲೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡ.

ನಾನೊಂದು ಮಾತು ಹೇಳಬೇಕು. ಸುರಕ್ಷತಾ ಪ್ರತಿನಿಧಿಯಾಗಿ ನೌಕರರು ನನ್ನನ್ನು ಆರಿಸಿದ್ದು ನನಗೆ ಸಿಟ್ಟು ಬೇಗ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಈ ಕೆಲಸದಲ್ಲಿರುವವರ ಕೈಯಲ್ಲಿ ಒಂದೇ ಒಂದು ಕತ್ತಿ ಇದೆ. ಯಾವುದಾದರೂ ಕೆಲಸದಿಂದ ನೌಕರನೊಬ್ಬನ ಜೀವಕ್ಕೆ ಅಪಾಯವೆಂದು ಕಂಡರೆ ನಾವು ಅದನ್ನು ನಿಂತ ಕಾಲಲ್ಲಿ ನಿಲ್ಲಿಸಬಹುದು. ಒಮ್ಮೆ ನಿಲ್ಲಿಸಿದರೆ ಸರ್ಕಾರದ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ನೋಡುವ ತನಕ ಕುಲಪತಿ ಬಂದರೂ ಮತ್ತೆ ಶುರುಮಾಡುವಂತಿಲ್ಲ. ನಾನಾಗಲಿ, ನನಗಿಂತ ಮುಂಚಿನವರಾಗಲಿ ಇದನ್ನು ಒಮ್ಮೆಯೂ ಬಳಸಿರಲಿಲ್ಲ. ಗೋಡೆಗೆ ನೇತುಹಾಕಿದ ಬೆಂಕಿ ಆರಿಸುವ ಡಬ್ಬಿಯ ಹಾಗೆ ಅದು ಇದ್ದಲ್ಲೇ ಇತ್ತು.

ಆ ಚಳಿಗಾಲದಲ್ಲಿ ಹಿಮ ಸುರಿದದ್ದೇ ಸುರಿದದ್ದು. ನಮ್ಮ ಮುಂಬಾಗಿಲಿನ ನೇರಕ್ಕೆ ಚಾವಣಿಯ ಅಂಚಿನಲ್ಲಿ ಹಿಮದ ಗುಡ್ಡೆ ಬೆಳೆಯಿತು, ಅದರ ಕೆಳಗೆ ತೋಳಿನಷ್ಟು ದಪ್ಪದ ಮಂಜುಗಡ್ಡೆಗಳು ಇಳಿಬಿದ್ದವು. ಕಟ್ಟಡ ವಿಶ್ವವಿದ್ಯಾಲಯದ್ದಲ್ಲ, ಒಂದು ಕಂಪನಿಯದು, ನಾವು ಬಾಡಿಗೆಗಿರುವವರು. ಆರ್ವಿಡ್ ಕಂಪನಿಗೆ ಬರೆದ. ಮಾರನೆಯ ದಿನ ಒಬ್ಬ ಬಂದು ಬಾಗಿಲ ಪಕ್ಕದ ಗೋಡೆಗೆ ಕೆಂಪು-ಹಳದಿ ಬಣ್ಣದ ಕೋಲೊಂದನ್ನು ಒರಗಿಸಿ ಹೋದ. ಮೇಲಿಂದ ಹಿಮ ಬೀಳಬಹುದು, ನೋಡಿಕೊಳ್ಳಿ ಎಂದು ಅದರ ಅರ್ಥ. ಕೋಲು ಇಟ್ಟಲ್ಲಿಗೆ ಕಂಪನಿಯವರ ಜವಾಬ್ದಾರಿ ಮುಗಿಯುತ್ತದೆ, ಕೋಲು ನೋಡಿದವರದ್ದು ಶುರುವಾಗುತ್ತದೆ.

ಆರ್ವಿಡ್ ಮತ್ತೆ ಬರೆದ. ಮುಂದಿನ ವಾರ ಎಂದರು. ಮುಂದಿನ ವಾರ ಬರೆದಾಗಲೂ ಮುಂದಿನ ವಾರ ಎಂದರು. ಬಾಗಿಲನ್ನೇ ಮುಚ್ಚಿಬಿಡುತ್ತೇನೆ ಎಂದ. ಅಗ್ನಿಶಾಮಕದವರು, ಬೆಂಕಿ ಬಿದ್ದರೆ ಹೊರಗೋಡುವ ದಾರಿ ಅದು, ಮುಚ್ಚುವ ಹಾಗಿಲ್ಲ ಎಂದರು. ಡೀನ್ ಪೆರ್ನಿಲ್ಲಾ ಹತ್ತಿರ ಹೋದ. ಆಗ ನಾನೂ ಜೊತೆಗಿದ್ದೆ.

"ಕಂಪನಿಗೆ ಬರೆದಿದ್ದೀಯಲ್ಲ ಆರ್ವಿಡ್," ಎಂದಳು ಪೆರ್ನಿಲ್ಲಾ. "ಎಲ್ಲದಕ್ಕೂ ದಾಖಲೆ ಇದೆ. ನಿನ್ನನ್ನ ಯಾರೂ ಏನೂ ಅನ್ನೋ ಹಾಗಿಲ್ಲ."

"ನನ್ನ ಚಿಂತೆ ಅದಲ್ಲ," ಎಂದ ಆರ್ವಿಡ್. "ತಲೆ ಮೇಲೆ ಬೀಳೋದು ಹಿಮ. ದಾಖಲೆ ಅಲ್ಲ."

ಪೆರ್ನಿಲ್ಲಾ ನಕ್ಕಳು. ಅವನು ತಮಾಷೆ ಮಾಡಿದ ಎಂದುಕೊಂಡಳೇನೋ. ಆರ್ವಿಡ್ ತಮಾಷೆ ಮಾಡುವುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ.

ಜನವರಿ ಹೊತ್ತಿಗೆ ಅವನ ಅಂಗಿಯ ಕಾಲರು ಕತ್ತಿನ ಸುತ್ತ ದೊಗಲೆಯಾಗಿತ್ತು. ಕಾಫಿ ಹೊತ್ತಿನಲ್ಲಿ ಕಿಟಕಿಗೆ ಎದುರಾಗಿ ಕೂರುತ್ತಿದ್ದ, ಬಾಗಿಲಿಗೆ ಬರುವವರು ಕಾಣಲಿ ಎಂದು. ಅವನ ಹೆಂಡತಿ ಮೈಕೆನ್ ನನಗೆ ಫೋನ್ ಮಾಡಿದಳು. ಅವಳೂ ಮಾತು ಕಡಿಮೆಯವಳೇ. "ಅವನು ನಿದ್ದೆ ಮಾಡ್ತಿಲ್ಲ," ಎಂದಳು. "ಸೂರಿಂದ ನೀರು ತೊಟ್ಟಿಕ್ಕಿದ ಸದ್ದಾದ್ರೂ ಸಾಕು, ಎದ್ದು ಕೂತ್ಕೋತಾನೆ. ಹಿಂಗೇ ಆದ್ರೆ ಇವನು ಉಳಿಯಲ್ಲ, ಗುನ್ವೊರ್."

ಮಾರನೆಯ ದಿನವೇ ಅವನನ್ನು ಹಿಡಿದೆ. ದುಡ್ಡು, ಅಧಿಕಾರ ಕೊಡದೆ ಹೊಣೆ ಮಾತ್ರ ಹೊರಿಸಿದ್ದರೆ, ಹೊರಿಸಿದವರಿಗೇ ಬರವಣಿಗೆಯಲ್ಲಿ ವಾಪಸ್ ಕೊಡಬಹುದೆಂದು ನಮ್ಮ ನಿಯಮದಲ್ಲೇ ಇದೆ.

"ಆ ಕಾಗದ ಪೆರ್ನಿಲ್ಲಾ ಮುಖಕ್ಕೆ ಬಿಸಾಕು," ಎಂದೆ. "ಎರಡು ಸಾಲು ಬರೆದ್ರೆ ಮುಗೀತು. ನಾನೇ ಬರೆದುಕೊಡ್ತೀನಿ, ನೀನು ಸಹಿ ಹಾಕು."

"ನೋಡೋಣ," ಎಂದ ಆರ್ವಿಡ್.

ನಮ್ಮ ಕಡೆ 'ನೋಡೋಣ' ಎಂದರೆ ಇಲ್ಲ ಎಂದರ್ಥ. ಒಲ್ಲೆ ಎನ್ನಲು ಬಾರದವನಿಗೆ ಇದೊಂದು ಮಾತ್ರ ಚೆನ್ನಾಗಿ ಬರುತ್ತದೆ.

ಅದೇ ಶನಿವಾರ ಬೆಳಿಗ್ಗೆ, ಮರೆತುಹೋಗಿದ್ದ ಕೈಗವಸು ತರಲೆಂದು ವಿಭಾಗಕ್ಕೆ ಹೋದೆ. ಮುಂಬಾಗಿಲ ಮುಂದೆ ಹಿಮದ ಹೊಸ ರಾಶಿ ಬಿದ್ದಿತ್ತು. ಸೈಕಲ್ ಶೆಡ್ಡಿಗೆ ಏಣಿ ಒರಗಿತ್ತು, ಶೆಡ್ಡಿನ ಮೇಲಿಂದ ಚಾವಣಿಗೆ ಇನ್ನೊಂದು ಏಣಿ. ತಲೆಯೆತ್ತಿ ನೋಡಿದರೆ, ಅರವತ್ತೊಂದು ವರ್ಷದ ನಮ್ಮ ಮುಖ್ಯಸ್ಥ ಇಳಿಜಾರು ತಗಡಿನ ಅಂಚಿನಲ್ಲಿ ನೀಲಿ ಟೋಪಿ ಹಾಕಿಕೊಂಡು ಸಲಿಕೆ ಹಿಡಿದು ನಿಂತಿದ್ದ. ಕೂಗಿದರೆ ಬೆಚ್ಚಿ ಬೀಳುತ್ತಾನೆಂದು ಮೆಲ್ಲಗೆ ಕರೆದೆ.

"ಆರ್ವಿಡ್."

"ಹೂಂ."

"ಏನ್ ಮಾಡ್ತಿದ್ದೀಯಾ?"

"ಹಿಮ ತೆಗೀತಿದ್ದೀನಿ. ಸ್ವಲ್ಪ ಆಚೆ ನಿಂತ್ಕೋ, ಮೇಲೆ ಬೀಳುತ್ತೆ."

"ಹಗ್ಗ ಎಲ್ಲಿ?"

"ಕಟ್ಟೋಕೆ ಕೊಕ್ಕೆ ಇಲ್ಲ ಇಲ್ಲಿ. ಅದಕ್ಕೂ ಬರೆದಿದ್ದೀನಿ ಕಂಪನಿಗೆ."

"ನಿನ್ನ ವಿಭಾಗದ ನೌಕರ ಒಬ್ಬ ಹಗ್ಗ ಇಲ್ದೆ ಅಲ್ಲಿ ಹತ್ತಿದ್ದಿದ್ರೆ ನೀನೇನ್ ಮಾಡ್ತಿದ್ದೆ?"

ಅವನು ಸಲಿಕೆಯನ್ನು ಊರಿ ಯೋಚಿಸಿದ. ಯಾವ ಪ್ರಶ್ನೆ ಕೇಳಿದರೂ ಅವನು ಯೋಚಿಸಿಯೇ ಉತ್ತರ ಹೇಳುವವನು. "ಇಳಿಸ್ತಿದ್ದೆ," ಎಂದ. "ಆದ್ರೆ ನಾನು ನೌಕರ ಅಲ್ಲ. ಮುಖ್ಯಸ್ಥ."

"ನಿಂಗೆ ಸಂಬಳ ಯಾರು ಕೊಡ್ತಾರೆ? ನಿಮ್ಮಪ್ಪನಾ?"

"ಇವತ್ತು ಶನಿವಾರ ಗುನ್ವೊರ್. ಸಮಯ ನಂದು, ಸಲಿಕೆನೂ ನಂದೇ."

"ಜಾರಿದ್ರೆ ಒಡೆಯೋ ತಲೆ?"

"ಅದೂ ನಂದೇ. ನಂದಾದ್ರೆ ಪರವಾಗಿಲ್ಲ. ಬೇರೆಯವರದ್ದಾಗಬಾರದು, ಅಷ್ಟೇ."

ಬಸ್ಸು ಹತ್ತು ನಿಮಿಷ ತಡ ಎನ್ನುವ ಹಾಗೆ ಹೇಳಿದ. ಅವನು ಅದನ್ನು ಎಷ್ಟೋ ದಿನದಿಂದ ಯೋಚಿಸಿ, ಲೆಕ್ಕ ಹಾಕಿ, ಒಪ್ಪಿಕೊಂಡುಬಿಟ್ಟಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು. ಸಿಟ್ಟು ನೆತ್ತಿಗೇರಿತು.

"ಸರಿ, ಕೇಳಿಸ್ಕೋ," ಎಂದೆ. "ಸ್ನೇಹಿತೆಯಾಗಿ ಅಲ್ಲ, ಸುರಕ್ಷತಾ ಪ್ರತಿನಿಧಿಯಾಗಿ ಹೇಳ್ತಿದ್ದೀನಿ. ಈ ಕೆಲಸದಿಂದ ಜೀವಕ್ಕೆ ಅಪಾಯ ಇದೆ. ಈಗಿಂದೀಗ್ಲೇ ನಿಲ್ಲಿಸಿದ್ದೀನಿ. ಇಳಿ."

"ಇನ್ನರ್ಧ ಗಂಟೆ ಕೊಡು, ಮುಗಿಯುತ್ತೆ."

"ನಿಲ್ಲಿಸಿ ಆಯ್ತು. ನೀನೇ ಓದಿದ್ದೀಯಲ್ಲ ಕಾನೂನು."

ಓದಿದ್ದ. ಇಡೀ ವಿಶ್ವವಿದ್ಯಾಲಯದಲ್ಲಿ ಈ ಮಾತಿಗೆ ಬೆಲೆ ಕೊಟ್ಟು ಇಳಿಯುವವನು ಅವನೊಬ್ಬನೇ ಇದ್ದಿರಬೇಕು. ಸಲಿಕೆಯನ್ನು ಮೊದಲು ಕೆಳಗೆ ಜಾರಿಸಿದ, ಆಮೇಲೆ ತಾನು ಇಳಿದ. ಕೊನೆಯ ಮೆಟ್ಟಿಲಲ್ಲಿ ನಾನವನ ಕೋಟನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ನೆಲಕ್ಕೆ ಬಂದವನು ಮೂಗೊರೆಸಿಕೊಂಡು, "ಸೋಮವಾರ ಪ್ರಯೋಗಾಲಯದ ಗ್ಯಾಸಿನ ಪೈಪ್ ನೋಡ್ಬೇಕು," ಎಂದ. ಜೀವ ಉಳಿದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಇವನನ್ನು ಚಾವಣಿಯಿಂದ ಇಳಿಸಿದರೆ ಸಾಲದು ಎಂದು ನನಗೆ ಹೊಳೆದದ್ದು ಆಗ. ಅಲ್ಲೇ ಕಾರಿನಲ್ಲಿ ಕೂತು ಇನ್‌ಸ್ಪೆಕ್ಟರ್ ಕಚೇರಿಯ ಫಾರಂ ಫೋನಿನಲ್ಲೇ ತುಂಬಿ ಕಳಿಸಿದೆ. ಅಪಾಯಕಾರಿ ಕೆಲಸ ಯಾವುದು ಎನ್ನುವಲ್ಲಿ, ವಿಭಾಗದ ಮುಖ್ಯಸ್ಥನ ಕೆಲಸ, ಪೂರ್ತಿ, ಎಂದೆ. ಅಪಾಯದಲ್ಲಿರುವ ನೌಕರ ಯಾರು ಎನ್ನುವಲ್ಲಿ ಅವನ ಹೆಸರು ಹಾಕಿದೆ. ಬರೆದದ್ದನ್ನು ಅವನಿಗೂ ಓದಿ ಹೇಳಿದೆ.

"ಎಲ್ಲರಿಗೂ ಗೊತ್ತಾಗುತ್ತೆ," ಎಂದ.

"ಆಗ್ಲಿ."

"ಸರಿ," ಎಂದು ನನ್ನ ಮುಖ ನೋಡದೆ ಹೊರಟುಹೋದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮುಂಬಾಗಿಲಿಗೆ ನಾನೇ ಅಡ್ಡ ಪಟ್ಟಿ ಕಟ್ಟಿದೆ. ಅಗ್ನಿಶಾಮಕದವರು ಕೇಳಿದರೆ ಜಗಳಕ್ಕೆ ನಾನಿದ್ದೆ. ಆರ್ವಿಡ್‌ಗೆ ಜಗಳ ಬರುವುದಿಲ್ಲ. ಭಾನುವಾರ ಸ್ಕೀ ಹಾಕಿಕೊಂಡು ಒಬ್ಬಳೇ ಹೋದೆ. ಬೈಯಲು ಮನಸ್ಸಾಗಲಿಲ್ಲ, ಬೈದರೆ ಹೂಂ ಎನ್ನುವವರೂ ಇರಲಿಲ್ಲ.

ಸೋಮವಾರ ಕಾಫಿ ಕೋಣೆಯಲ್ಲಿ ಎಲ್ಲರೂ ಹವಾಮಾನದ ಬಗ್ಗೆ ತುಂಬ ಆಳವಾಗಿ ಮಾತಾಡಿದರು. ಪೆರ್ನಿಲ್ಲಾ ಕೋಟು ಕೂಡ ಬಿಚ್ಚದೆ ನನ್ನ ಕೋಣೆಗೆ ಬಂದಳು.

"ನೀನು ನಿಲ್ಲಿಸಿರೋದು ಹಿಮ ತೆಗೆಯೋ ಕೆಲಸ ತಾನೆ?"

"ಅಲ್ಲ. ಮುಖ್ಯಸ್ಥನ ಕೆಲಸ."

"ಮುಖ್ಯಸ್ಥನ ಕೆಲಸ ಹೆಂಗೆ ನಿಲ್ಲಿಸೋಕಾಗುತ್ತೆ?"

"ನಿಂತಿದೆಯಲ್ಲ, ನೋಡು. ಬೇಕಿದ್ರೆ ನಿನ್ನ ವಕೀಲರನ್ನ ಕೇಳು."

ಅವಳು ಆಗಲೇ ಕೇಳಿ ಬಂದಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು.

ಇನ್‌ಸ್ಪೆಕ್ಟರ್ ಬುಧವಾರ ಬಂದ. ಯೋಯೆಲ್ ಎಂದು ಹೆಸರು, ಚಿಕ್ಕ ವಯಸ್ಸು, ಮರ ಕಡಿಯುವ ಜಾಗಗಳನ್ನು ನೋಡಿ ಅಭ್ಯಾಸವಾದವನು. ಅಪಾಯಕಾರಿ ಯಂತ್ರ ಎಲ್ಲಿ ಎಂದು ಕೇಳಿದ. ನಾನು ಮುಖ್ಯಸ್ಥನ ಕುರ್ಚಿ ತೋರಿಸಿದೆ. ಅವನು ಅದರ ಸುತ್ತ ಒಂದು ಸಲ ತಿರುಗಿ ಬಂದು, ಸರಿ ಕೂತು ಮಾತಾಡೋಣ ಎಂದ. ಆರ್ವಿಡ್‌ನನ್ನೂ ಕರೆಸಿದ್ದರು. ಅವನು ಪೆರ್ನಿಲ್ಲಾ ಪಕ್ಕ ಕೂತ, ನನ್ನ ಕಡೆ ತಿರುಗಲಿಲ್ಲ.

"ಈ ಹೊಣೆ ಹೊರೋಕೆ ಮೂರು ಬೇಕು," ಎಂದ ಯೋಯೆಲ್. "ತಿಳಿವಳಿಕೆ, ಅಧಿಕಾರ, ದುಡ್ಡು. ತಿಳಿವಳಿಕೆ ಇದೆಯಾ ನಿಂಗೆ?"

"ಕಾನೂನು ಓದಿದ್ದೀನಿ," ಎಂದ ಆರ್ವಿಡ್.

"ಎಷ್ಟು?"

"ಪೂರ್ತಿ."

ಯೋಯೆಲ್ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದ. "ಸರಿ. ಅಧಿಕಾರ?"

"ಕಂಪನಿಗೆ ಕಾಗದ ಬರೆಯೋ ಅಧಿಕಾರ ಇದೆ."

"ದುಡ್ಡು?"

"ಕಾಫಿಗೆ ಇದೆ."

"ಮತ್ತೆ ಈ ಹೊಣೆನ ಡೀನ್‌ಗೆ ವಾಪಸ್ ಯಾಕೆ ಕೊಡ್ಲಿಲ್ಲ ನೀನು? ಪೂರ್ತಿ ಓದಿದ್ದೀಯಾ ಅಂದ್ರೆ ಅದೂ ಗೊತ್ತಿರಬೇಕಲ್ಲ."

ಆರ್ವಿಡ್ ಸುಮ್ಮನಾದ. ನಮ್ಮ ಸಭೆಗಳಲ್ಲಿ ಮೌನ ಯಾರಿಗೂ ಕಿರಿಕಿರಿಯಲ್ಲ, ಎಷ್ಟು ಹೊತ್ತಾದರೂ ಕೂತಿರುತ್ತೇವೆ. ಆದರೆ ಆವತ್ತಿನದು ನನಗೆ ತಡೆಯಲಾಗಲಿಲ್ಲ. ಹೇಳೋ ಎಂದು ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ.

"ಕೊಟ್ರೆ ಪೆರ್ನಿಲ್ಲಾಗೇ ಕೊಡಬೇಕಾಗಿತ್ತು," ಎಂದ ಕೊನೆಗೆ. "ಅವಳ ಹತ್ರ ಆಗ್ಲೇ ಬೇರೆ ವಿಭಾಗಗಳದ್ದೆಲ್ಲಾ ಇದೆ. ಹೋದ ನವೆಂಬರ್‌ನಲ್ಲಿ ಮೀಟಿಂಗ್ ಮಧ್ಯೆ ಎದ್ದು ಹೋದ್ಲು. ನಾನು ಹಿಂದೇನೇ ಹೋದೆ, ಚೆನ್ನಾಗಿದ್ದೀಯಾ ಅಂತ ಕೇಳೋಣ ಅಂತ. ಕೋಟು ನೇತುಹಾಕೋ ಕೋಣೇಲಿ ಯಾರದೋ ಕೋಟಿಗೆ ಮುಖ ಒತ್ತಿಕೊಂಡು ಅಳ್ತಿದ್ಲು. ಅಂಥವಳ ತಲೆ ಮೇಲೆ ಇನ್ನೂ ಒಂದು ಹೇಗೆ ಹಾಕ್ಲಿ? ಅವಳು ನನ್ನ ವಿಭಾಗದವಳಲ್ಲ, ಗೊತ್ತು ನಂಗೆ. ಆದ್ರೂ."

ಪೆರ್ನಿಲ್ಲಾ ಕಿವಿಯ ತನಕ ಕೆಂಪಾಗಿದ್ದಳು. ಅವಳನ್ನು ನಾನು ಎಷ್ಟು ಭಾನುವಾರ ಬೈದಿದ್ದೆನೋ, ಅಷ್ಟೂ ಸಲ ಇವನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೂಂ ಎನ್ನುತ್ತಿದ್ದ. ನನಗೆ ನಾಚಿಕೆಯಾಯಿತು.

"ಕೊಡು ಇಲ್ಲಿ," ಎಂದಳು ಪೆರ್ನಿಲ್ಲಾ, ಧ್ವನಿ ಸರಿಮಾಡಿಕೊಂಡು. "ವಾಪಸ್ ಕೊಡು ಆರ್ವಿಡ್. ನಂಗೇನೂ ಆಗಲ್ಲ. ಆದ್ರೆ ನಾನೂ ಮೇಲಿನವರಿಗೆ ಕೊಡ್ತೀನಿ. ಅವರಿಗೆ ಅಳೋಕೆ ದೊಡ್ಡ ಕೋಣೆ ಇದೆ."

ಆರ್ವಿಡ್ ಎರಡು ಸಾಲು ಬರೆದು ಕೊಟ್ಟ. ಎದ್ದು ಯೋಯೆಲ್‌ನ ಕೈ ಕುಲುಕಿದ, ಪೆರ್ನಿಲ್ಲಾಳ ಕೈ ಕುಲುಕಿದ, ನನ್ನನ್ನು ದಾಟಿಕೊಂಡು ಮನೆಗೆ ಹೋದ.

ಪೆರ್ನಿಲ್ಲಾ ಅಲ್ಲೇ ಕೂತು ಕಂಪನಿಗೆ ಫೋನ್ ಮಾಡಿದಳು. ಯಾರ ದುಡ್ಡು ಎಂಬ ಜಗಳ ಆಮೇಲೆ ಆಡೋಣ, ಇವತ್ತು ಬಿಲ್ ನನಗೆ ಕಳಿಸಿ ಎಂದಳು. ಮಾರನೆಯ ಬೆಳಿಗ್ಗೆ ಇಬ್ಬರು ಹಗ್ಗ ಕಟ್ಟಿಕೊಂಡು ಬಂದು, ಮಧ್ಯಾಹ್ನದ ಊಟಕ್ಕೆ ಮೊದಲು ಚಾವಣಿ ಖಾಲಿ ಮಾಡಿ, ಕೊಕ್ಕೆಗಳನ್ನೂ ಹಾಕಿ ಹೋದರು. ಎರಡು ತಿಂಗಳು ಒಬ್ಬ ಮನುಷ್ಯನನ್ನು ತಿಂದ ಹಿಮ ಅಷ್ಟರಲ್ಲಿ ಮುಗಿಯಿತು. ನಾನು ಕಿಟಕಿಯಲ್ಲಿ ನಿಂತು, ಗೊತ್ತಿರುವ ಎಲ್ಲ ಬೈಗುಳಗಳನ್ನೂ ಬೈದೆ.

ಶುಕ್ರವಾರ ಹೊಸ ಮುಖ್ಯಸ್ಥರು ಯಾರು ಎಂದು ಸಭೆ. ಪೆರ್ನಿಲ್ಲಾ ಕೇಳಿದಳು. ಎಲ್ಲರೂ ತಮ್ಮ ಕಾಫಿ ಲೋಟದೊಳಗೆ ಇಣುಕಿದರು. ಮುಂದಿನ ಸರದಿಯವನಿಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಶುರುವಾಗಿತ್ತು, ಅದರ ಮುಂದಿನವಳಿಗೆ ಅಂಟಾರ್ಕ್ಟಿಕಾಗೆ ಹೋಗಬೇಕಿತ್ತು. ಆ ಮೌನ ಬೆಳೆಯುತ್ತ ಹೋದ ಹಾಗೆ, ಇವರು ಕೊನೆಗೆ ಆರ್ವಿಡ್‌ನನ್ನೇ ವಾಪಸ್ ಕರೆಯುತ್ತಾರೆ, ಅವನು ಬಂದೂಬಿಡುತ್ತಾನೆ ಎಂದು ನನಗೆ ಖಾತ್ರಿಯಾಯಿತು.

"ಕೊಡಿ ನಂಗೇ," ಎಂದೆ. "ಆದ್ರೆ ದುಡ್ಡು, ಅಧಿಕಾರ ಮೊದಲು ಬರಲಿ. ಆಮೇಲೆ ಸಹಿ."

ಪೆರ್ನಿಲ್ಲಾ ಬರೆದುಕೊಟ್ಟಳು. ನಾನು ಓದಿ ಸಹಿ ಹಾಕಿದೆ. ಮುಖ್ಯಸ್ಥರಾದವರು ಸುರಕ್ಷತಾ ಪ್ರತಿನಿಧಿಯಾಗಿ ಇರುವಂತಿಲ್ಲ, ಹಾಗಾಗಿ ಆ ಕೆಲಸ ಬಿಟ್ಟೆ. ಅದಕ್ಕೆ ಯಾರು ಎಂದಾಗ ಎಲ್ಲರೂ ಮತ್ತೆ ಲೋಟದೊಳಗೆ ಇಣುಕಿದರು. ಆ ಜಾಗ ಇವತ್ತಿಗೂ ಖಾಲಿ ಇದೆ.

ಸಹಿ ಹಾಕಿ ನೇರವಾಗಿ ಆರ್ವಿಡ್ ಮನೆಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಮಧ್ಯಾಹ್ನದ ಬೆಳಕು ಇನ್ನೂ ಇತ್ತು. ಮೈಕೆನ್ ಬಾಗಿಲು ತೆರೆದು, ಮಾತಾಡಬೇಡ ಎಂದು ಕೈ ಮಾಡಿ ಅಡುಗೆಮನೆಗೆ ಕರೆದುಕೊಂಡು ಹೋದಳು.

"ಮಲಗಿದ್ದಾನೆ," ಎಂದಳು ಪಿಸುಮಾತಿನಲ್ಲಿ.

"ಊಟ ಆದ ಮೇಲಿಂದನಾ?"

"ನಿನ್ನೆಯಿಂದ."

ನನಗೆ ಅಳು ಬಂತು. ನಮ್ಮ ಕಡೆಯವರು ಇನ್ನೊಬ್ಬರ ಅಡುಗೆಮನೆಯಲ್ಲಿ ಅಳುವುದಿಲ್ಲ, ಆದರೂ ಅತ್ತೆ. ಮೈಕೆನ್ ಏನೂ ಕಾಣದವಳ ಹಾಗೆ ಕಾಫಿಗೆ ನೀರಿಟ್ಟಳು.

"ನನ್ನ ಮೇಲೆ ಸಿಟ್ಟಿದೆಯಾ ಅವನಿಗೆ?"

"ಇದೆ."

"ತುಂಬಾನಾ?"

"ಎದ್ದ ಮೇಲೆ ಅವನನ್ನೇ ಕೇಳು." ಲೋಟಕ್ಕೆ ಕಾಫಿ ಬಗ್ಗಿಸುತ್ತ ಕೇಳಿದಳು, "ಈಗ ಆ ಕೆಲಸ ಯಾರ ಹತ್ರ ಇದೆ?"

"ನನ್ನ ಹತ್ರ."

ಅವಳ ಕೈ ನಿಂತಿತು. ಕೆಟಲಿಯನ್ನು ಒಲೆಯ ಮೇಲಿಟ್ಟು, ನನ್ನ ಮುಖವನ್ನು, ಕೋಟನ್ನು, ಕತ್ತಿನ ಸುತ್ತಲ ಕಾಲರನ್ನು ಒಂದೊಂದಾಗಿ ನೋಡಿದಳು. ನನ್ನನ್ನು ಯಾರೂ ಹಾಗೆ ನೋಡಿ ವರ್ಷಗಳೇ ಆಗಿದ್ದವು.

"ಮನೇಲಿ ನೀನೊಬ್ಬಳೇ ಅಲ್ವಾ?" ಎಂದಳು.

"ಹೂಂ."

"ನೀನು ನಿದ್ದೆ ಮಾಡ್ತಿದ್ದೀಯೋ ಇಲ್ವೋ ಅಂತ ನೋಡೋರು ಯಾರಿದ್ದಾರೆ?"

ಮೈಕೆನ್ ಬ್ರೆಡ್ಡು, ಬೆಣ್ಣೆ, ಚೀಸ್ ಎಲ್ಲವನ್ನೂ ತಂದು ನನ್ನ ಮುಂದಿಟ್ಟಳು. ಎದುರಿಗೆ ಕೂತು, ನಾನು ತಿನ್ನುವ ತನಕ ಏಳುವುದಿಲ್ಲ ಎನ್ನುವ ಹಾಗೆ ಕೈ ಕಟ್ಟಿಕೊಂಡಳು.

"ತಿನ್ನು," ಎಂದಳು. "ಭಾನುವಾರ ಊಟಕ್ಕೆ ಇಲ್ಲಿಗೇ ಬಾ. ಪ್ರತಿ ಭಾನುವಾರ ಬರಬೇಕು. ಅವನು ನಿನ್ನ ಹತ್ರ ಮಾತಾಡ್ಲಿ, ಬಿಡ್ಲಿ."